ವಾಲ್ವ್ ಗಿಟಾರ್ ಆಂಪ್ಲಿಫೈಯರ್: ಬಯಾಸ್ ಹೊಂದಿಕೆ

ಪವರ್ ವಾಲ್ವಿನ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಪ್ಲೇಟಿನ ಕಡೆಗೆ ಹರಿಯುತ್ತವೆ. ಅವುಗಳ ದಾರಿಯಲ್ಲಿ ನಿಂತ ಗ್ರಿಡ್ ಎಂಬ ಸಣ್ಣ ತಂತಿಸುರುಳಿ ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಗಿಟಾರಿನ ತಂತಿ ಮೀಟದೆ ಸುಮ್ಮನಿರುವಾಗ ಈ ಗ್ರಿಡ್ ಕ್ಯಾಥೋಡಿಗಿಂತ ಎಷ್ಟು ವೋಲ್ಟ್ ಋಣವಾಗಿರಬೇಕು ಎಂದು ಗೊತ್ತುಮಾಡುವುದೇ ಬಯಾಸ್ ಹೊಂದಿಕೆ. ಋಣ ಹೆಚ್ಚಾದರೆ ಕರೆಂಟು ತಗ್ಗುತ್ತದೆ, ದನಿ ತೆಳುವಾಗುತ್ತದೆ, ಮೆಲ್ಲಗೆ ಮೀಟಿದ ಸ್ವರದ ಅಂಚಿನಲ್ಲಿ ಕರಕರ ಸೇರಿಕೊಳ್ಳುತ್ತದೆ. ಋಣ ಕಡಮೆಯಾದರೆ ಕರೆಂಟು ಏರುತ್ತದೆ, ದನಿ ದಪ್ಪಗಾಗುತ್ತದೆ, ಪ್ಲೇಟು ಕಾಯುತ್ತಾ ಹೋಗಿ ಕೊನೆಗೆ ಕತ್ತಲ ಕೋಣೆಯಲ್ಲಿ ಕೆಂಪಗೆ ಕಾಣತೊಡಗುತ್ತದೆ. ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟುವವರಲ್ಲಿ ಈ ಹೊಂದಿಕೆಯನ್ನು ಒಂದು ಅಂಕಿಯಾಗಿ ಕಾಣುವ ರೂಢಿ ಬಲವಾಗಿದೆ: ಇಂಥ ವಾಲ್ವಿಗೆ ಇಷ್ಟು ಮಿಲಿಆಂಪಿಯರ್ ಎಂದು ಪಟ್ಟಿಯಿಂದ ಎತ್ತಿಕೊಂಡು ತಿರುಪು ತಿರುಗಿಸಿದರೆ ಕೆಲಸ ಮುಗಿಯಿತು ಎಂದು. ಆ ರೂಢಿ ಅರ್ಧ ಮಾತ್ರ ಸರಿ. ಕೈಯಲ್ಲಿರುವ ವಾಲ್ವು, ಅದಕ್ಕೆ ವಿದ್ಯುತ್ ಉಣಿಸುವ ಟ್ರಾನ್ಸ್‌ಫಾರ್ಮರು, ಗೋಡೆಯ ಪ್ಲಗ್ಗಿನಲ್ಲಿ ಆ ಹೊತ್ತಿಗೆ ಇರುವ ವೋಲ್ಟೇಜು, ಈ ಮೂರೂ ಸೇರಿ ಬಯಾಸನ್ನು ನಿರ್ಧರಿಸುತ್ತವೆ. ಮೂರರಲ್ಲಿ ಮೂರನೆಯದನ್ನು ಎಣಿಕೆಗೆ ತಾರದ ಹೊಂದಿಕೆ ಬೆಂಗಳೂರಿನ ಉತ್ತರ ಭಾಗದಂಥ ಕಡೆ ಉಳಿಯುವುದಿಲ್ಲ ಎಂಬುದೇ ಇಲ್ಲಿ ಸಾಧಿಸಹೊರಟಿರುವ ಮಾತು.

ಈ ಭಾಗವನ್ನು ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. ಯಶವಂತಪುರ ದಾಟಿದರೆ ಸಿಗುವ ಜಾಲಹಳ್ಳಿಯಲ್ಲಿ ಭಾರತದ ವಾಲ್ವುಗಳು ತಯಾರಾದವು. ರಕ್ಷಣಾ ಸಚಿವಾಲಯದ ಅಡಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಅಂದರೆ ಊರಿನವರ ಬಾಯಲ್ಲಿ ಬಿಇಎಲ್, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ ಹುಟ್ಟಿತು. 1956ರಲ್ಲಿ ಸಂಪರ್ಕ ಉಪಕರಣಗಳಿಂದ ಉತ್ಪಾದನೆ ಶುರುವಾಯಿತು. 1961ರಲ್ಲಿ ರೇಡಿಯೊಗಳಿಗೆ ಬೇಕಾದ ರಿಸೀವಿಂಗ್ ವಾಲ್ವುಗಳು ಬಂದವು. ಅದಕ್ಕೆ ನೆರವಾದದ್ದು ಹಾಲೆಂಡಿನ ಫಿಲಿಪ್ಸ್. ಮರುವರ್ಷ, 1962ರಲ್ಲೇ, ಅದೇ ಕಾರ್ಖಾನೆ ಜರ್ಮೇನಿಯಂ ಸೆಮಿಕಂಡಕ್ಟರುಗಳನ್ನೂ ಮಾಡತೊಡಗಿತು. ವಾಲ್ವನ್ನು ರೇಡಿಯೊದಿಂದ ಹೊರಗೆ ಕಳಿಸಲಿದ್ದ ವಸ್ತು ವಾಲ್ವಿನ ಪಕ್ಕದಲ್ಲೇ ಬೆಳೆಯಿತು ಎಂಬುದನ್ನು ಗಮನಿಸಬೇಕು. 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳು, 1967ರಲ್ಲಿ ಟ್ರಾನ್ಸ್‌ಮಿಟಿಂಗ್ ಟ್ಯೂಬುಗಳು, 1970ರಲ್ಲಿ ಟಿವಿ ಪಿಕ್ಚರ್ ಟ್ಯೂಬು ಮತ್ತು ಎಕ್ಸ್‌ರೇ ಟ್ಯೂಬು ಹೀಗೆ ನಿರ್ವಾತದ ಕಸುಬು ಅಲ್ಲಿ ಬೇರೆ ಬೇರೆ ದಿಕ್ಕಿಗೆ ಹರಡಿತು. ಅಲ್ಲಿನ ರಿಸೀವಿಂಗ್ ವಾಲ್ವುಗಳಲ್ಲಿ ಗಿಟಾರಿನವರಿಗೆ ಸಂಬಂಧಪಟ್ಟದ್ದು ಇಎಲ್84 ಮತ್ತು ಇಸಿಸಿ83 ಎಂಬ ಎರಡು ಮಾದರಿಗಳು. ಫಿಲಿಪ್ಸ್ ಪದ್ಧತಿಯಲ್ಲಿ ಮೊದಲ ಅಕ್ಷರ ಇ ಎಂದರೆ 6.3 ವೋಲ್ಟಿನ ಹೀಟರು, ಎಲ್ ಎಂದರೆ ಪವರ್ ಪೆಂಟೋಡು, ಸಿಸಿ ಎಂದರೆ ಒಂದೇ ಬುರುಡೆಯಲ್ಲಿ ಎರಡು ಟ್ರಯೋಡು, 8ರಿಂದ ಶುರುವಾಗುವ ಅಂಕಿ ಎಂದರೆ ಒಂಬತ್ತು ಪಿನ್ನಿನ ತಳ. ರೇಡಿಯೊದ ಸ್ಪೀಕರನ್ನು ನುಡಿಸಲೆಂದು ರೂಪಿಸಿದ ಇದೇ ಇಎಲ್84 ಇಂಗ್ಲೆಂಡಿನಲ್ಲಿ 1950ರ ದಶಕದ ಕೊನೆಗೆ ವಾಕ್ಸ್ ಎಸಿ15 ಆಂಪ್ಲಿಫೈಯರನ್ನೂ ಅದರ ಹಿಂದೆಯೇ ಎಸಿ30ಯನ್ನೂ ನುಡಿಸಿತು. ಹಾಗಾಗಿ ಬಿಇಎಲ್ ಮುದ್ರೆಯ ಜೋಡಿ ಇಎಲ್84 ಯಾರಿಗಾದರೂ ಹಳೆಯ ದಾಸ್ತಾನಿನಿಂದ ಸಿಕ್ಕರೆ, ಜಗತ್ತಿನ ಒಂದು ಪ್ರಸಿದ್ಧ ಗಿಟಾರ್ ದನಿಯ ಮೂಲವಸ್ತು ಸಿಕ್ಕಂತೆಯೇ.

ಆದರೆ ಆ ಜೋಡಿಯ ಎರಡು ವಾಲ್ವುಗಳು ಒಂದೇ ತೆರನಾಗಿರುತ್ತವೆ ಎಂದು ನಂಬಲು ಆಧಾರವಿಲ್ಲ. ಗ್ರಿಡ್ ತಂತಿ ಕ್ಯಾಥೋಡಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿರುತ್ತದೆ. ಇಎಲ್84ನಂತೆ ಒಂದು ವೋಲ್ಟಿನ ಬದಲಾವಣೆಗೆ ಸುಮಾರು 11 ಮಿಲಿಆಂಪಿಯರ್ ಕರೆಂಟು ಬದಲಾಗುವ ಚುರುಕಾದ ವಾಲ್ವಿನಲ್ಲಿ ಆ ಅಂತರದ ಎಳ್ಳಷ್ಟು ವ್ಯತ್ಯಾಸವೂ ಮೀಟರಿನಲ್ಲಿ ಎದ್ದು ಕಾಣುತ್ತದೆ. ತಯಾರಕರ ಮಾಹಿತಿ ಪತ್ರ 250 ವೋಲ್ಟಿನ ಪ್ಲೇಟಿಗೆ ಮೈನಸ್ 7.3 ವೋಲ್ಟ್ ಬಯಾಸ್, 48 ಮಿಲಿಆಂಪಿಯರ್ ಎನ್ನುವುದು ಸರಾಸರಿ ವಾಲ್ವಿನ ಬಗೆಗೆ. ಅದೇ 7.3 ವೋಲ್ಟ್ ಕೊಟ್ಟರೆ ಒಂದು ವಾಲ್ವು 40ರ ಹತ್ತಿರ, ಇನ್ನೊಂದು 55ರ ಹತ್ತಿರ ನಿಂತರೂ ಎರಡೂ ಕೆಟ್ಟ ವಾಲ್ವುಗಳಲ್ಲ. ಆದ್ದರಿಂದ ಬಯಾಸ್ ವೋಲ್ಟೇಜನ್ನು ಅಳೆದು ತೃಪ್ತಿಪಡುವುದು ಮೊದಲ ತಪ್ಪು. ಅಳೆಯಬೇಕಾದದ್ದು ಕರೆಂಟನ್ನು, ಕರೆಂಟನ್ನು ಪ್ಲೇಟ್ ವೋಲ್ಟೇಜಿನಿಂದ ಗುಣಿಸಿದಾಗ ಬರುವ ವಾಟ್ ಲೆಕ್ಕವೇ ವಾಲ್ವಿನ ಆರೋಗ್ಯದ ಲೆಕ್ಕ. ಇಎಲ್84 ಪ್ಲೇಟು ತಾಳುವ ಮಿತಿ 12 ವಾಟ್, ಗ್ರಿಡ್ಡಿಗೂ ಪ್ಲೇಟಿಗೂ ನಡುವೆ ನಿಂತ ಎರಡನೆಯ ಗ್ರಿಡ್ಡಾದ ಸ್ಕ್ರೀನಿನದು 2 ವಾಟ್. ದೊಡ್ಡ ಅಣ್ಣನಂತಿರುವ ಎಂಟು ಪಿನ್ನಿನ ಇಎಲ್34ಕ್ಕೆ ಪ್ಲೇಟ್ ಮಿತಿ 25 ವಾಟ್. ಮುಂಚೂಣಿಯ ಇಸಿಸಿ83ಯ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ: ಪ್ಲೇಟಿಗೆ 100 ಕಿಲೋ ಓಮ್, ಕ್ಯಾಥೋಡಿಗೆ 1.5 ಕಿಲೋ ಓಮ್ ಹಾಕಿದರೆ ಅದು ಒಂದು ಮಿಲಿಆಂಪಿಯರಿನ ಆಸುಪಾಸಿನಲ್ಲಿ ತಾನೇ ನೆಲೆಗೊಳ್ಳುತ್ತದೆ, ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕ್ಯಾಥೋಡಿಗೆ ರೆಸಿಸ್ಟರ್ ಹಾಕಿದರೆ ಪವರ್ ವಾಲ್ವೂ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದಲ್ಲ, ಹೊಂದಿಸುವ ಮಾತೇಕೆ ಎಂದು. ಕರೆಂಟು ಏರಿದರೆ ರೆಸಿಸ್ಟರಿನ ಮೇಲಿನ ವೋಲ್ಟೇಜೂ ಏರುತ್ತದೆ, ಗ್ರಿಡ್ ಅಷ್ಟು ಹೆಚ್ಚು ಋಣವಾಗುತ್ತದೆ, ಕರೆಂಟು ತಗ್ಗುತ್ತದೆ, ತತ್ತ್ವ ಸರಿಯೇ. ಇಎಲ್84 ಜೋಡಿಯನ್ನು ಪುಷ್‌ಪುಲ್ ಆಗಿ, ಅಂದರೆ ಒಂದರ ಕರೆಂಟು ಏರಿದಾಗ ಇನ್ನೊಂದರದು ಇಳಿಯುವಂತೆ, ನಡೆಸಲು ಮಾಹಿತಿ ಪತ್ರ ಕೊಡುವ ಮಾದರಿಯನ್ನೇ ನೋಡೋಣ. ಪ್ಲೇಟಿಗೂ ಸ್ಕ್ರೀನಿಗೂ 300 ವೋಲ್ಟ್, ಎರಡಕ್ಕೂ ಸೇರಿ 130 ಓಮಿನ ಒಂದೇ ಕ್ಯಾಥೋಡ್ ರೆಸಿಸ್ಟರು, ಒಂದೊಂದು ಪ್ಲೇಟಿಗೆ 36 ಮಿಲಿಆಂಪಿಯರ್, ಸ್ಕ್ರೀನಿಗೆ 4. ನಾಲ್ಕೂ ಹರಿವು ಸೇರಿ 80 ಮಿಲಿಆಂಪಿಯರ್ ಆ ರೆಸಿಸ್ಟರಿನಲ್ಲಿ ಇಳಿಯುವಾಗ 10.4 ವೋಲ್ಟ್ ನಿಲ್ಲುತ್ತದೆ, ಅದೇ ಬಯಾಸ್. ಪ್ಲೇಟಿನ ಬಿಸಿ 10.8 ವಾಟ್, 12ರ ಒಳಗೇ ಇದೆ. ಆದರೆ ಹಂಚಿಕೆಯ ರೆಸಿಸ್ಟರಿಗೆ ಮೊತ್ತ ಮಾತ್ರ ಗೊತ್ತು. ಒಂದು ವಾಲ್ವು 50, ಇನ್ನೊಂದು 30 ಮಿಲಿಆಂಪಿಯರ್ ಎಳೆದುಕೊಂಡರೂ ಅದರ ಮೇಲೆ 10.4 ವೋಲ್ಟೇ ಇರುತ್ತದೆ. ಮೀಟರ್ ಹಿಡಿದವರು ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ಇದೆ ಎಂದುಕೊಳ್ಳುತ್ತಾರೆ, ಒಂದು ವಾಲ್ವು ಮಾತ್ರ ಸುಡುತ್ತಿರುತ್ತದೆ. ಪುಷ್‌ಪುಲ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಹಾಳೆಗಳ ನಡುವೆ ಸಾಮಾನ್ಯವಾಗಿ ಗಾಳಿಯ ಸಂದು ಬಿಟ್ಟಿರುವುದಿಲ್ಲ, ಏಕೆಂದರೆ ಎರಡು ಕಡೆಯ ಕರೆಂಟು ಒಂದನ್ನೊಂದು ಕಳೆಯುತ್ತವೆ ಎಂಬ ನಂಬಿಕೆಯ ಮೇಲೆ ಅದನ್ನು ಸುತ್ತಿರುತ್ತಾರೆ. 20 ಮಿಲಿಆಂಪಿಯರ್ ಅಸಮತೋಲ ಆ ಕಬ್ಬಿಣವನ್ನು ಒಂದೇ ದಿಕ್ಕಿಗೆ ಕಾಂತಗೊಳಿಸಿ ಮಂದ್ರಸ್ವರಗಳನ್ನು ತಿಂದುಹಾಕುತ್ತದೆ. 1954ರಲ್ಲಿ ಪ್ರಕಟವಾಗಿ ಮನೆಯಲ್ಲಿ ಕಟ್ಟುವವರ ಅಚ್ಚುಮೆಚ್ಚಿನದಾದ, ವಾಲ್ವು ತಯಾರಕ ಮಲ್ಲಾರ್ಡ್ ಕಂಪನಿಯ 5-10 ವಿನ್ಯಾಸ ಪ್ರತಿ ವಾಲ್ವಿಗೂ ಬೇರೆ ಬೇರೆ ಕ್ಯಾಥೋಡ್ ರೆಸಿಸ್ಟರ್ ಕೊಟ್ಟದ್ದು ಈ ಕಾರಣಕ್ಕೆ ಮಾದರಿಯಾಗಿದೆ. ಅದೇ ವಿನ್ಯಾಸ ಕಡಮೆ ಕರೆಂಟಿನಲ್ಲಿ ನಡೆಯುವ ಇನ್ನೊಂದು ಬಗೆಯನ್ನೂ ಸೂಚಿಸಿತ್ತು: ದೊಡ್ಡ ರೆಸಿಸ್ಟರ್ ಹಾಕಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಹೊರೆ ಬದಲಿಸಿ, ವಾಲ್ವಿನ ಆಯುಸ್ಸನ್ನು ಹೆಚ್ಚಿಸುವುದು. ತಯಾರಕರೇ ಒಂದು ವಾಲ್ವಿಗೆ ಎರಡು ಸರಿಯಾದ ನೆಲೆಗಳನ್ನು ಒಪ್ಪಿಕೊಂಡ ಮೇಲೆ ಒಂದೇ ಅಂಕಿಯನ್ನು ಹಿಡಿದು ಕೂರುವುದು ಅವರ ಆಶಯವೂ ಅಲ್ಲ.

ಕ್ಯಾಥೋಡ್ ರೆಸಿಸ್ಟರಿಗೆ ಇನ್ನೂ ದೊಡ್ಡ ಮಿತಿ ಗೋಡೆಯ ಪ್ಲಗ್ಗಿನಿಂದ ಬರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಹೆಸರಿನ ವೋಲ್ಟೇಜು 230. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಬಳಕೆಯ ಸರಬರಾಜಿನಲ್ಲಿ ಶೇಕಡಾ 6ರಷ್ಟು ಏರಿಳಿತವನ್ನು ಒಪ್ಪಿದ್ದವು. ಅಂದರೆ 216ರಿಂದ 244 ವೋಲ್ಟಿನವರೆಗೆ ಏನು ಬಂದರೂ ನಿಯಮದೊಳಗೇ. ಬೀದಿಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುವಂತೆ ಸುತ್ತಿರುತ್ತದೆ. ಆ 433 ಮೂರು ಫೇಸುಗಳ ನಡುವಿನ ಅಳತೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ ಅದು 250 ವೋಲ್ಟ್. ಹೊರೆ ಬಿದ್ದಾಗ, ತಂತಿ ಉದ್ದವಾದಾಗ ಅದು ಇಳಿಯುತ್ತದೆ ಎಂದು ಮುಂದಾಲೋಚಿಸಿಯೇ ಹಾಗೆ ಮಾಡಿರುವುದು. ಇದರ ಪರಿಣಾಮ ಮನೆಯ ಜಾಗಕ್ಕೂ ಹೊತ್ತಿಗೂ ತಕ್ಕಂತೆ ಬೇರೆಯಾಗುತ್ತದೆ. ಆರ್.ಟಿ. ನಗರದಲ್ಲಿ ಕಂಬದ ಪಕ್ಕದ ಮನೆಗೆ ನಡುರಾತ್ರಿ, ಎಲ್ಲರ ಗೀಸರು, ಪಂಪು, ಎಸಿ ನಿಂತ ಮೇಲೆ, 250ಕ್ಕೆ ಹತ್ತಿರದ ವೋಲ್ಟೇಜು ಬರುವುದು ಸಹಜ. ಯಲಹಂಕದ ಅಂಚಿನ ಬಡಾವಣೆಯೊಂದರಲ್ಲಿ ಸಾಲಿನ ಕೊನೆಯ ಮನೆಗೆ ಬೇಸಗೆಯ ಸಂಜೆ 216ಕ್ಕಿಂತ ಕೆಳಗೆ ಇಳಿಯುವುದೂ ಅಷ್ಟೇ ಸಹಜ. ಒಂದೇ ಆಂಪ್ಲಿಫೈಯರು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಕಾಯುತ್ತದೆ.

ಎಷ್ಟು ಬಗೆಯಾಗಿ ಎಂಬುದನ್ನು ಲೆಕ್ಕ ಹಾಕಬಹುದು, ಈ ವಾದ ನಿಂತಿರುವುದೇ ಆ ಲೆಕ್ಕದ ಮೇಲೆ. ನಿರ್ವಾತದಲ್ಲಿ ಹರಿಯುವ ಎಲೆಕ್ಟ್ರಾನ್ ಕರೆಂಟು ವೋಲ್ಟೇಜಿನ ಒಂದೂವರೆ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಚೈಲ್ಡ್ ಮತ್ತು ಲ್ಯಾಂಗ್‌ಮುಯಿರ್ ಅವರ ಹೆಸರಿನ ನಿಯಮ ಇದು. ಋಣ ಬಯಾಸನ್ನು ಬೇರೊಂದು ಸಣ್ಣ ಪೂರೈಕೆಯಿಂದ ಕೊಡುವ ಫಿಕ್ಸೆಡ್ ಬಯಾಸ್ ಆಂಪ್ಲಿಫೈಯರಿನಲ್ಲಿ ಪ್ಲೇಟು, ಸ್ಕ್ರೀನು, ಬಯಾಸು ಮೂರೂ ಒಂದೇ ಪವರ್ ಟ್ರಾನ್ಸ್‌ಫಾರ್ಮರಿನಿಂದ ಬರುವುದರಿಂದ ಗೋಡೆಯ ವೋಲ್ಟೇಜು ಏರಿದಾಗ ಮೂರೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಆಗ ಕರೆಂಟು ಒಂದೂವರೆ ಘಾತದಲ್ಲಿ, ವೋಲ್ಟೇಜನ್ನೂ ಸೇರಿಸಿ ಗುಣಿಸಿದ ಬಿಸಿ ಎರಡೂವರೆ ಘಾತದಲ್ಲಿ ಏರುತ್ತದೆ. ಸುಲಭವಾಗಿ ಹೇಳುವುದಾದರೆ ಗೋಡೆಯಲ್ಲಿ ಶೇಕಡಾ 1 ಏರಿದರೆ ಪ್ಲೇಟಿನ ಬಿಸಿ ಶೇಕಡಾ 2.5 ಏರುತ್ತದೆ. ಇಎಲ್34 ಜೋಡಿಯ ಪ್ಲೇಟಿನಲ್ಲಿ 420 ವೋಲ್ಟ್ ಇದೆ ಎಂದುಕೊಳ್ಳಿ. ರೂಢಿಯಲ್ಲಿರುವಂತೆ 25 ವಾಟಿನ ಶೇಕಡಾ 70, ಅಂದರೆ 17.5 ವಾಟಿಗೆ ಹೊಂದಿಸಬೇಕಾದರೆ ಸುಮಾರು 42 ಮಿಲಿಆಂಪಿಯರ್. ಇದನ್ನು ಗೋಡೆಯಲ್ಲಿ 230 ಇದ್ದಾಗ ಹೊಂದಿಸಿದ್ದರೆ, 250 ಆದಾಗ ಬಿಸಿ 21.6 ವಾಟ್ ಆಗುತ್ತದೆ, ಪರವಾಗಿಲ್ಲ. ಅದೇ ಹೊಂದಿಕೆಯನ್ನು ಸಂಜೆ 216 ವೋಲ್ಟ್ ಇದ್ದಾಗ ಮಾಡಿದ್ದರೆ ನಡುರಾತ್ರಿಯ 250ರಲ್ಲಿ 25 ವಾಟನ್ನು ಮುಟ್ಟಿ ತುಸು ದಾಟುತ್ತದೆ. ಇನ್ನು ದನಿ ಬೆಚ್ಚಗಿರಲಿ ಎಂದು ಶೇಕಡಾ 85ಕ್ಕೆ ಹೊಂದಿಸಿದವರಿಗೆ 230ರಲ್ಲಿ ಕೂತ 21.25 ವಾಟು 250ರಲ್ಲಿ 26 ದಾಟುತ್ತದೆ. ಕ್ಯಾಥೋಡ್ ರೆಸಿಸ್ಟರ್ ಇದ್ದಲ್ಲಿ ಈ ಏರಿಕೆ ಕಡಮೆ, ಎರಡನೆಯ ಘಾತದ ಹತ್ತಿರ. ಆದರೂ 230ರಲ್ಲಿ 10.8 ವಾಟಿಗೆ ಕೂತ ಇಎಲ್84 250ರಲ್ಲಿ 12.8 ವಾಟಿನ ಹತ್ತಿರ ಬರುತ್ತದೆ, 12ರ ಮಿತಿ ಮೀರುತ್ತದೆ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಬಯಾಸ್ ಎಂಬುದರ ನಿಜವಾದ ಅಳತೆ ಇಷ್ಟು. 130 ಓಮಿನ ಬದಲು 150 ಓಮ್ ಹಾಕಿದರೆ ಈ ತೊಂದರೆಯ ಬಹುಭಾಗ ನೀಗುತ್ತದೆ, ನುಡಿಸುವವರಿಗೆ ಕಾಣುವ ನಷ್ಟ ತೀರಾ ಅಲ್ಪ.

ಶೇಕಡಾ 70 ಎಂಬ ರೂಢಿಯ ಅಂಕಿಗೆ ಸಾಮಾನ್ಯವಾಗಿ ಕೊಡುವ ಕಾರಣ ಬೇರೆಯದು. ಎಬಿ ವರ್ಗದಲ್ಲಿ, ಅಂದರೆ ಜೋರಾಗಿ ನುಡಿಸುವಾಗ ಒಂದೊಂದು ವಾಲ್ವು ಸರದಿಯಂತೆ ಸುಮ್ಮನಾಗುವ ಬಗೆಯಲ್ಲಿ, ನಡೆಯುವ ಜೋಡಿ ವಾಲ್ವುಗಳು ಸುಮ್ಮನಿರುವಾಗಿನದಕ್ಕಿಂತ ನಡುಮಟ್ಟದ ದನಿಯಲ್ಲಿ ನುಡಿಯುವಾಗ ಹೆಚ್ಚು ಕಾಯಬಲ್ಲವು, ಆದ್ದರಿಂದ ಸುಮ್ಮನಿರುವಾಗ ಮಿತಿಗಿಂತ ಕೆಳಗಿರಬೇಕು ಎಂದು. ಅದು ಸರಿ. ಆದರೆ ಅದರೊಳಗೆ ಗೋಡೆಯ ಏರಿಳಿತಕ್ಕೆಂದು ಬೇರೆ ಅವಕಾಶ ಇಟ್ಟಿಲ್ಲ. ವೋಲ್ಟೇಜು ಅಲುಗಾಡದ ಊರಿನಲ್ಲಿ ಅದು ಸಾಕು, ಇಲ್ಲಿ ಅದೇ ಅವಕಾಶವನ್ನು ಎರಡು ಹೊರೆಗಳು ಹಂಚಿಕೊಳ್ಳಬೇಕಾಗುತ್ತದೆ. ಎಸಿ30ಯಂಥ ಪ್ರಸಿದ್ಧ ಆಂಪ್ಲಿಫೈಯರೇ ಇಎಲ್84ಗಳನ್ನು 12 ವಾಟ್ ಮೀರಿ ನಡೆಸುತ್ತದೆಯಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಹೌದು, ನಡೆಸುತ್ತದೆ; ಅದರ ದನಿಯ ಸೊಗಸಿಗೆ ಅದೂ ಒಂದು ಕಾರಣ. ಆದರೆ ಅದು ಹೊಸ ವಾಲ್ವುಗಳನ್ನು ಆಗಾಗ ಬದಲಿಸಿಕೊಳ್ಳುವವರ ಆಂಪ್ಲಿಫೈಯರು. 1960ರ ದಶಕದಲ್ಲಿ ಇಎಲ್84 ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಇಂದು ಹೊಸ ವಾಲ್ವು ರಷ್ಯಾ, ಚೀನಾ, ಸ್ಲೊವಾಕಿಯಾಗಳಿಂದ ಸುಂಕ ತೆತ್ತು ಬರಬೇಕು, ಜಾಲಹಳ್ಳಿಯದು ಹಳೆಯ ದಾಸ್ತಾನು ಮುಗಿಯುವತನಕ ಮಾತ್ರ. ಮತ್ತೆ ಸಿಗದ ವಸ್ತುವನ್ನು ಮಿತಿ ಮೀರಿ ನಡೆಸುವುದು ಜಾಣತನವಲ್ಲ. ಹೀಗಾಗಿ ಇಲ್ಲಿಗೆ ಹೊಂದುವ ಸೂತ್ರವನ್ನು ಸ್ವಲ್ಪ ಬೇರೆಯಾಗಿ ಹೇಳಬೇಕು: ಬಯಾಸ್ ಹೊಂದಿಸುವ ಹೊತ್ತಿನ ಗೋಡೆಯ ವೋಲ್ಟೇಜನ್ನು ಅಳೆದು ಬರೆದುಕೊಳ್ಳಿ, 250ಕ್ಕೆ ಏರಿದಾಗ ಬಿಸಿ ಎಷ್ಟಾಗುತ್ತದೆ ಎಂದು ಎರಡೂವರೆ ಘಾತದಿಂದ ಕಂಡುಕೊಳ್ಳಿ, ಅದು ಮಿತಿಯ ಶೇಕಡಾ 85ನ್ನು ದಾಟದಂತೆ ಇಂದಿನ ಕರೆಂಟನ್ನು ಇಡಿ. 230ರಲ್ಲಿ ಕೂತು ಹೊಂದಿಸುವವರಿಗೆ ಇದು ಸರಿಸುಮಾರು ಶೇಕಡಾ 69 ಎಂದು ಬರುತ್ತದೆ, ಅಂದರೆ ರೂಢಿಯ ಅಂಕಿಯೇ. 216ರಲ್ಲಿ ಕೂತವರಿಗೆ ಶೇಕಡಾ 59 ಎಂದು ಬರುತ್ತದೆ. ಅಂಕಿ ಸುಳ್ಳಲ್ಲ, ಅದು ಯಾವ ವೋಲ್ಟೇಜಿಗೆ ಸಂಬಂಧಿಸಿದ್ದು ಎಂಬುದು ಕಳೆದುಹೋಗಿತ್ತು, ಅಷ್ಟೇ.

ಕೆಲಸದ ಕ್ರಮವನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಷಾಸಿಯ ಒಳಗೆ 300ರಿಂದ 450 ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ ಅದು ಉಳಿದಿರುತ್ತದೆ, ಮತ್ತು ಅದು ಕೊಲ್ಲಬಲ್ಲದು. ಕಂಡೆನ್ಸರನ್ನು ಸ್ಕ್ರೂಡ್ರೈವರಿನಿಂದ ಚಟ್ ಎನಿಸಿ ಖಾಲಿಮಾಡುವ ಹಳೆಯ ಚಾಳಿಯನ್ನು ಬಿಟ್ಟು, ಕೆಲವು ಕಿಲೋ ಓಮಿನ ದಪ್ಪ ರೆಸಿಸ್ಟರನ್ನು ಚೆನ್ನಾಗಿ ಹೊದಿಸಿದ ವೈರುಗಳ ತುದಿಗೆ ಬೆಸುಗೆ ಹಾಕಿ ಅದರಿಂದ ನಿಧಾನವಾಗಿ ಇಳಿಸಬೇಕು, ಬಳಿಕ ಮೀಟರಿನಿಂದ ಸೊನ್ನೆಯಾಯಿತೇ ಎಂದು ನೋಡಬೇಕು. ಆಂಪ್ಲಿಫೈಯರು ಚಾಲೂ ಇರುವಾಗ ಒಂದೇ ಕೈ ಒಳಗೆ ಹೋಗಬೇಕು. ಪ್ರತಿ ಪವರ್ ವಾಲ್ವಿನ ಕ್ಯಾಥೋಡಿಗೂ ನೆಲಕ್ಕೂ ನಡುವಿನ ದಾರಿಯಲ್ಲಿ 1 ಓಮಿನ ರೆಸಿಸ್ಟರನ್ನು ಕಟ್ಟುವಾಗಲೇ ಬೆಸುಗೆ ಹಾಕಿಟ್ಟರೆ ದೊಡ್ಡ ವೋಲ್ಟೇಜಿನ ಹತ್ತಿರ ಹೋಗದೆ ಕರೆಂಟನ್ನು ಓದಬಹುದು: ಅದರ ಮೇಲೆ ಕಾಣುವ ಪ್ರತಿ ಮಿಲಿವೋಲ್ಟೂ ಒಂದು ಮಿಲಿಆಂಪಿಯರ್. ಅದರಲ್ಲಿ ಸ್ಕ್ರೀನಿನ ಕರೆಂಟೂ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಇಎಲ್84ರಲ್ಲಿ 40 ಮಿಲಿವೋಲ್ಟ್ ಕಂಡರೆ ಪ್ಲೇಟಿನ ಪಾಲು 36. ಫಿಕ್ಸೆಡ್ ಬಯಾಸ್ ಇದ್ದಲ್ಲಿ ವಾಲ್ವು ಸಿಕ್ಕಿಸುವ ಮೊದಲೇ ಸಾಕೆಟ್ಟಿನ ಗ್ರಿಡ್ ಪಿನ್ನಿನಲ್ಲಿ, ಅಂದರೆ ಇಎಲ್34ರ 5ನೆಯ ಪಿನ್ನಿನಲ್ಲಿ, ಋಣ ವೋಲ್ಟೇಜು ಬಂದಿದೆಯೇ ಎಂದು ನೋಡಿ, ಬಯಾಸಿನ ತಿರುಪಾದ ಪ್ರಿಸೆಟ್ಟನ್ನು ಅತಿ ಹೆಚ್ಚು ಋಣದ ಕಡೆಗೆ ತಿರುಗಿಸಿಟ್ಟು, ಸ್ಪೀಕರ್ ಅಥವಾ ಅದಕ್ಕೆ ಸಮನಾದ ಹೊರೆ ಜೋಡಿಸಿ, ಆಮೇಲೆ ವಾಲ್ವು ಸಿಕ್ಕಿಸುವುದು ಸರಿಯಾದ ಕ್ರಮ. ಪ್ರಿಸೆಟ್ಟಿನ ನಡುಕಾಲು ಸವೆದು ಸಂಪರ್ಕ ತಪ್ಪಿದರೆ ಬಯಾಸ್ ಮಾಯವಾಗುವ ಬದಲು ಇನ್ನಷ್ಟು ಋಣವಾಗುವಂತೆ ಒಂದು ರೆಸಿಸ್ಟರನ್ನು ಸೇರಿಸಿಟ್ಟಿರಬೇಕು. ನಾಲ್ಕಾಣೆಯ ಆ ರೆಸಿಸ್ಟರು ಜೋಡಿ ವಾಲ್ವನ್ನೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಉಳಿಸುತ್ತದೆ. ಕಾಲು ಗಂಟೆ ಕಾಯಲು ಬಿಟ್ಟು ಓದಿ, ಒಂದು ತಾಸು ನುಡಿಸಿ ಮತ್ತೆ ಓದಬೇಕು. ಎರಡನೆಯ ಮೀಟರ್ ಇದ್ದರೆ ಅದು ಗೋಡೆಯ ವೋಲ್ಟೇಜಿನ ಮೇಲೆಯೇ ಇರಲಿ.

ಹೊಸದಾಗಿ ಕಟ್ಟಿದ್ದನ್ನು ಮೊದಲ ಸಲ ಚಾಲೂ ಮಾಡುವಾಗ ರಿಪೇರಿಯವರೆಲ್ಲ ಮಾಡುವಂತೆ 60 ಅಥವಾ 100 ವಾಟಿನ ಹಳೆಯ ಕಾಲದ ಬಲ್ಬನ್ನು ಸೀರೀಸಿನಲ್ಲಿ ಹಾಕುವುದು ಒಳ್ಳೆಯ ಕ್ರಮವೇ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪ್ರಕಾಶವಾಗಿ ಉರಿದು ಎಚ್ಚರಿಸುತ್ತದೆ. ಆದರೆ ಆ ಬಲ್ಬು ಇರುವಾಗಲೇ ಬಯಾಸನ್ನೂ ಹೊಂದಿಸಿಬಿಡುವವರಿದ್ದಾರೆ, ಅದು ನೇರ ಅಪಾಯ. ಬಲ್ಬು ತನ್ನ ಪಾಲಿನ ವೋಲ್ಟೇಜನ್ನು ನುಂಗಿರುತ್ತದೆ. ಅದನ್ನು ತೆಗೆದ ಕೂಡಲೇ ಮೇಲಿನ ಲೆಕ್ಕದಂತೆ ಬಿಸಿ ಮಿತಿ ದಾಟಿ ಹಾರುತ್ತದೆ.

ಹಳೆಯ ದಾಸ್ತಾನಿನ ವಾಲ್ವುಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಬುರುಡೆಯ ನೆತ್ತಿಯ ಒಳಮೈಯಲ್ಲಿ ಕಾಣುವ ಬೆಳ್ಳಿಯ ಬಣ್ಣದ ಲೇಪ ಉಳಿದ ಅನಿಲವನ್ನು ಹೀರಲೆಂದು ಇಟ್ಟದ್ದು. ಅದು ಕನ್ನಡಿಯಂತೆ ಹೊಳೆಯುತ್ತಿದ್ದರೆ ಸರಿ. ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ನುಗ್ಗಿದೆ, ಆ ವಾಲ್ವು ಮುಗಿಯಿತು. ಕಣ್ಣಿಗೆ ಕಾಣದಷ್ಟು ಅನಿಲ ಸೇರಿದ್ದರೆ ಗ್ರಿಡ್ಡಿನಲ್ಲಿ ಅತಿ ಸಣ್ಣ ಕರೆಂಟು ಹರಿಯುತ್ತದೆ. ಗ್ರಿಡ್ಡಿನಿಂದ ನೆಲಕ್ಕೆ ಹೋಗುವ 470 ಕಿಲೋ ಓಮಿನ ಮೇಲೆ ಸೊನ್ನೆಯ ಬದಲು ಧನ 1 ವೋಲ್ಟ್ ಕಂಡರೆ ಎರಡು ಮೈಕ್ರೋಆಂಪಿಯರ್ ಸೋರುತ್ತಿದೆ ಎಂದರ್ಥ. ಕೇಳಲು ಏನೂ ಅಲ್ಲ, ಆದರೆ ಆ ಒಂದು ವೋಲ್ಟು ಬಯಾಸಿನಿಂದ ಕಳೆದುಹೋಗುತ್ತದೆ. ಕರೆಂಟು ಹೆಚ್ಚಿ, ಬಿಸಿ ಹೆಚ್ಚಿ, ಅನಿಲ ಇನ್ನಷ್ಟು ಬಿಡುಗಡೆಯಾಗಿ, ಸೋರಿಕೆ ಇನ್ನಷ್ಟಾಗುತ್ತದೆ. ಇಎಲ್84ರ ಗ್ರಿಡ್ ರೆಸಿಸ್ಟರು ಫಿಕ್ಸೆಡ್ ಬಯಾಸಿನಲ್ಲಿ 300 ಕಿಲೋ ಓಮ್ ಮೀರಬಾರದು, ಕ್ಯಾಥೋಡ್ ಬಯಾಸಿನಲ್ಲಿ 1 ಮೆಗಾ ಓಮಿನವರೆಗೆ ಹೋಗಬಹುದು ಎಂದು ಮಾಹಿತಿ ಪತ್ರ ಹೇಳುವುದು ಈ ಓಟವನ್ನು ತಡೆಯಲೆಂದೇ. ಜೋಡಿ ಹೊಂದಿಸಿ ಮಾರುವ ಹೊಸ ವಾಲ್ವು ಕೊಂಡರೆ ಇವೆಲ್ಲ ಬೇಡ ಎಂಬವರಿಗೆ ಉತ್ತರವೂ ಇದರಲ್ಲಿದೆ. ಜೋಡಿ ಹೊಂದಿಸುವುದು ಯಾವುದೋ ಒಂದು ವೋಲ್ಟೇಜಿನಲ್ಲಿ, ಯಾವುದೋ ಒಂದು ದಿನ. ಬಳಕೆಯಲ್ಲಿ ಎರಡೂ ಒಂದೇ ವೇಗದಲ್ಲಿ ಸವೆಯುವುದಿಲ್ಲ.

ಎಲ್ಲಕ್ಕಿಂತ ಗೌರವದಿಂದ ಎದುರಿಸಬೇಕಾದ ಆಕ್ಷೇಪ ನುಡಿಸುವವರದು. ಇದು ಸಂಗೀತದ ಸಾಧನ, ಲೆಕ್ಕದ ಯಂತ್ರವಲ್ಲ. ಪ್ರಿಸೆಟ್ ತಿರುಗಿಸುತ್ತಾ ಹೋಗಿ ಕಿವಿಗೆ ಎಲ್ಲಿ ಚೆನ್ನಾಯಿತೋ ಅಲ್ಲಿ ನಿಲ್ಲಿಸಬೇಕು ಎಂದು ಅವರು ಹೇಳುತ್ತಾರೆ. ಕಿವಿ ತಣ್ಣನೆಯ ಕಡೆಯ ತಪ್ಪನ್ನು ಚೆನ್ನಾಗಿ ಹಿಡಿಯುತ್ತದೆ: ಎರಡು ವಾಲ್ವುಗಳು ಕೆಲಸವನ್ನು ಒಂದರಿಂದೊಂದಕ್ಕೆ ದಾಟಿಸುವ ಗಳಿಗೆಯಲ್ಲಿ ಬಿರುಕು ಬಿದ್ದರೆ, ಸ್ವರ ಆರಿಹೋಗುವ ಕೊನೆಯಲ್ಲಿ ಅದು ಒರಟಾಗಿ ಕೇಳಿಸುತ್ತದೆ, ಮೀಟರಿಗಿಂತ ಮೊದಲೇ. ಬೆಚ್ಚನೆಯ ಕಡೆಯಲ್ಲಿ ಮಾತ್ರ ಕಿವಿ ಕುರುಡು. ಮಿತಿಯ ಶೇಕಡಾ 80ರಿಂದ 110ಕ್ಕೆ ಹೋದಾಗ ದನಿ ಕೆಡುವುದಿಲ್ಲ, ಬಹಳ ಸಲ ಇನ್ನೂ ಹಿತವಾಗುತ್ತದೆ. ಪ್ಲೇಟು ಕೆಂಪಾಗುವ ತನಕ ಎಚ್ಚರಿಕೆಯ ಸದ್ದೇ ಇಲ್ಲ. ಹಾಗಾಗಿ ಮೇಲಿನ ಅಂಚನ್ನು ಮೀಟರು ಹಾಕಬೇಕು, ಕೆಳಗಿನ ಅಂಚನ್ನು ಕಿವಿ ಹಾಕಬೇಕು. ನಡುವೆ ಉಳಿಯುವ ಜಾಗ ಸಣ್ಣದಲ್ಲ. ಇಎಲ್34ರಲ್ಲಿ ಅದು 28ರಿಂದ 42 ಮಿಲಿಆಂಪಿಯರಿನಷ್ಟು ಅಗಲವಿರಬಹುದು, ಅಲ್ಲಿ ರುಚಿಯದೇ ಆಳ್ವಿಕೆ. ಎರಡು ವಾಲ್ವುಗಳ ನಡುವೆ ಕೆಲವು ಮಿಲಿಆಂಪಿಯರ್ ವ್ಯತ್ಯಾಸ ಉಳಿದರೆ ದನಿಗೆ ಬರುವ ತುಂಬುತನವನ್ನು ಇಷ್ಟಪಡುವವರೂ ಇದ್ದಾರೆ. ಟ್ರಾನ್ಸ್‌ಫಾರ್ಮರು ತಾಳುವಷ್ಟರಲ್ಲಿ ಇದ್ದರೆ ಅದಕ್ಕೂ ಅಡ್ಡಿಯಿಲ್ಲ.

ಕರೆಂಟು ಹೋದಾಗ ಇನ್‌ವರ್ಟರಿನಲ್ಲಿ ನುಡಿಸುವವರು ತಿಳಿದಿರಬೇಕಾದ ಸಂಗತಿ ಒಂದಿದೆ. 230 ವೋಲ್ಟಿನ ಸಹಜ ಅಲೆಯ ಶಿಖರ 325 ವೋಲ್ಟ್, ಪ್ಲೇಟಿನ ವೋಲ್ಟೇಜು ಆ ಶಿಖರವನ್ನು ಹಿಂಬಾಲಿಸುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್‌ವರ್ಟರಿನ ಅಲೆಗೆ ಅಷ್ಟು ಎತ್ತರದ ಶಿಖರವಿಲ್ಲ. ಹೀಟರು ಎಂದಿನಂತೆ ಉರಿದರೂ ಪ್ಲೇಟಿನ ವೋಲ್ಟೇಜು ತಗ್ಗಿರುತ್ತದೆ. ಅದರ ಮೇಲೆ ಬಯಾಸ್ ಹೊಂದಿಸಿದರೆ ಸೀರೀಸ್ ಬಲ್ಬಿನ ತಪ್ಪೇ ಮತ್ತೆ ಆಗುತ್ತದೆ. ರಿಲೇ ಇರುವ ಸ್ಟೆಬಿಲೈಜರು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದರಿಂದ ಓದುತ್ತಿರುವಾಗಲೇ ಅಂಕಿ ಬದಲಾಗಬಹುದು; ಅದು ಯಾವ ಮೆಟ್ಟಿಲಿನಲ್ಲಿದೆ ಎಂದು ನೋಡಿಕೊಂಡೇ ಓದಬೇಕು. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ನಿಜವಾಗಿ ಅರ್ತ್ ಆಗಿದೆಯೇ ಎಂಬುದನ್ನು ಬಯಾಸಿಗಿಂತ ಮೊದಲು ನೋಡಬೇಕು, ಏಕೆಂದರೆ ಗಿಟಾರಿನ ತಂತಿಗಳು ಷಾಸಿಗೆ ಸೇರಿರುತ್ತವೆ, ನುಡಿಸುವವರ ಬೆರಳು ತಂತಿಯ ಮೇಲಿರುತ್ತದೆ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೂತಾಗಿರುವುದುಂಟು. ಹೊಸದಾಗಿ ಕಟ್ಟಲು ಹೊರಟವರಿಗೆ ಇನ್ನೂ ಒಳ್ಳೆಯ ದಾರಿ ಪವರ್ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗಲೇ ಇದೆ. ಪೀಣ್ಯದ ವೈಂಡಿಂಗ್ ಘಟಕದವರಿಗೆ ಪ್ರೈಮರಿಯಲ್ಲಿ 220, 235, 250 ಎಂದು ಮೂರು ಟ್ಯಾಪ್ ಬೇಕೆಂದು ಹೇಳಿದರೆ ಕೆಲವು ಸುತ್ತು ತಾಮ್ರ ಹೆಚ್ಚಾಗುತ್ತದೆ, ಹಿಂಬದಿಯಲ್ಲಿ ಒಂದು ಆಯ್ಕೆ ಸ್ವಿಚ್ಚು ಬೇಕಾಗುತ್ತದೆ. ಆಂಪ್ಲಿಫೈಯರು ಇರುವ ಮನೆಯಲ್ಲಿ ಒಂದು ವಾರ ಬೆಳಗ್ಗೆ, ಸಂಜೆ, ನಡುರಾತ್ರಿ ಪ್ಲಗ್ಗನ್ನು ಅಳೆದು ಸರಿಯಾದ ಟ್ಯಾಪಿಗೆ ಹಾಕಿದರೆ ಹೀಟರೂ ತನ್ನ 6.3 ವೋಲ್ಟಿನ ಹತ್ತಿರ ನಿಲ್ಲುತ್ತದೆ, ಪ್ರಿಸೆಟ್ಟಿಗೆ ಉಳಿಯುವ ಕೆಲಸ ವಾಲ್ವುಗಳ ನಡುವಿನ ವ್ಯತ್ಯಾಸವನ್ನು ಸರಿದೂಗಿಸುವುದು ಮಾತ್ರ. ಮನೆ ಬದಲಾದರೆ, ವಾಲ್ವು ಬದಲಾದರೆ, ಅಥವಾ ಬೀದಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದರೆ ಮತ್ತೆ ಅಳೆಯಬೇಕು.